ಜಿಮ್‌ಗೆ ಹೋದರೂ ಮೈಕಟ್ಟು ಕಾಣುತ್ತಿಲ್ಲ, ನಮ್ಮ ಕರಾವಳಿ ಊಟದಲ್ಲೇ ಆಗುತ್ತದಾ?

ಕೋಡಿಬಾಗದ ಹುಡುಗ

ಎಲ್ಲರಿಗೂ ನಮಸ್ಕಾರ. ವಯಸ್ಸು 24, ಎತ್ತರ 5 ಅಡಿ 8 ಇಂಚು, ತೂಕ 60 ಕೆಜಿ. ಕೈ ಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಕಾರವಾರದಲ್ಲೇ ಒಂದು ಜಿಮ್ ಸೇರಿ ಕೆಲವು ತಿಂಗಳಾಯಿತು. ದಿನಾ ಅರ್ಧ ಗಂಟೆ ಟ್ರೆಡ್‌ಮಿಲ್, ಆಮೇಲೆ ಮಶಿನ್‌ಗಳು, ಕೊನೆಗೆ ಬೈಸೆಪ್ಸ್. ಕನ್ನಡಿಯಲ್ಲಿ ಏನೂ ಬದಲಾವಣೆ ಕಾಣುತ್ತಿಲ್ಲ. ಅಲ್ಲಿನವರು ಮಾಸ್ ಗೇನರ್ (ತೂಕ ಏರಿಸುವ ಪುಡಿ) ಡಬ್ಬಿ ತಗೋ ಅನ್ನುತ್ತಾರೆ. ಅಷ್ಟು ದುಡ್ಡು ಪ್ರತಿ ತಿಂಗಳು ಹಾಕಲು ಆಗುವುದಿಲ್ಲ. ಮನೆಯಲ್ಲಿ ಮೀನು, ಅನ್ನ, ಬೇಳೆ ಸಾರು ಇರುತ್ತದೆ. ಇದರಲ್ಲೇ ಬಾಡಿ ಮಾಡಲು ಆಗುತ್ತದಾ? ಗೊತ್ತಿದ್ದವರು ಹೇಳಿ.

ಬೈತಖೋಲ

ಆಗುತ್ತದೆ ತಮ್ಮಾ. ಮೀನು ತಿನ್ನುವವನಿಗೆ ಡಬ್ಬಿ ಯಾಕೆ?

ಕಾಳಿ ತೀರ

ನಾನು ಹುಡುಗರಿಗೆ ವ್ಯಾಯಾಮ ಹೇಳಿಕೊಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಮೈಕಟ್ಟು ಕಾಣಬೇಕು ಅಂದರೆ ಎರಡು ಆಗಬೇಕು. ಸ್ನಾಯು ದಪ್ಪ ಆಗಬೇಕು. ಅದರ ಮೇಲಿನ ಕೊಬ್ಬು ತೆಳುವಾಗಬೇಕು. ಈ ಎರಡರಲ್ಲಿ ನಿನಗೆ ಈಗ ಬೇಕಾಗಿರುವುದು ಮೊದಲನೆಯದು. 60 ಕೆಜಿ ಇರುವವನು ಉಪವಾಸ ಬಿದ್ದು 54ಕ್ಕೆ ಇಳಿದರೆ ಹೊಟ್ಟೆ ಹೋಗಬಹುದು. ಆದರೆ ಕೊಬ್ಬು ಹೋದ ಜಾಗದಲ್ಲಿ ಕಾಣಲು ಸ್ನಾಯುವೇ ಇರುವುದಿಲ್ಲ. ಹಾಗಾಗಿ ಹೊಟ್ಟೆಯ ಚಿಂತೆ ಸದ್ಯಕ್ಕೆ ಬಿಡು.

ಸ್ನಾಯು ಬೆಳೆಯುವುದು ಭಾರಕ್ಕೆ. ಅದೂ ಬರಬರುತ್ತ ಹೆಚ್ಚುವ ಭಾರಕ್ಕೆ. ಮೊದಲ ವಾರ ಎತ್ತಿದ ಡಂಬೆಲನ್ನೇ ಆರು ತಿಂಗಳಾದರೂ ಅಷ್ಟೇ ಸಲ ಎತ್ತುತ್ತಿದ್ದರೆ ಮೈಗೆ ಬೆಳೆಯುವ ಕಾರಣವೇ ಇಲ್ಲ. ಜಿಮ್‌ಗಳಲ್ಲಿ ನಾನು ನೋಡುವ ದೊಡ್ಡ ಕೊರತೆ ಇದೇ. ಹುಡುಗರು ಬೆವರುತ್ತಾರೆ, ದಣಿಯುತ್ತಾರೆ. ಹೋದ ವಾರ ಎಷ್ಟು ಎತ್ತಿದ್ದೆ ಅಂತ ಕೇಳಿದರೆ ಗೊತ್ತಿರುವುದಿಲ್ಲ.

ಒಂದು ಪುಸ್ತಕ ಇಟ್ಟುಕೋ. ವಾರಕ್ಕೆ ಮೂರು ದಿನ ಸಾಕು. ಸೋಮವಾರ, ಬುಧವಾರ, ಶುಕ್ರವಾರ ಅಂದುಕೋ. ಒಂದು ದಿನ ಸ್ಕ್ವಾಟ್ ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಬಸ್ಕಿ, ಬೆಂಚ್ ಪ್ರೆಸ್ ಅಂದರೆ ಮಲಗಿ ಎದೆಯಿಂದ ಬಾರ್ ಮೇಲೆತ್ತುವುದು, ಬಗ್ಗಿ ನಿಂತು ಬಾರ್ ಎಳೆಯುವ ರೋ. ಇನ್ನೊಂದು ದಿನ ನೆಲದಿಂದ ಬಾರ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ತಲೆಯ ಮೇಲೆ ಭಾರ ಎತ್ತುವ ಭುಜದ ಪ್ರೆಸ್, ಕಂಬಿಗೆ ಜೋತು ಮೈ ಏರಿಸುವ ಪುಲ್‌ಅಪ್ ಅಥವಾ ಮಶಿನ್‌ನಲ್ಲಿ ಮೇಲಿನಿಂದ ಕೆಳಗೆ ಎಳೆಯುವ ಲ್ಯಾಟ್ ಪುಲ್‌ಡೌನ್. ಇವೆರಡನ್ನು ಸರದಿಯಲ್ಲಿ ಮಾಡು. ಪ್ರತಿಯೊಂದಕ್ಕೂ ಮೂರರಿಂದ ನಾಲ್ಕು ಸೆಟ್, ಸೆಟ್‌ಗೆ 8ರಿಂದ 12 ಸಲ. ಎಲ್ಲಾ ಸೆಟ್‌ನಲ್ಲೂ 12 ಬಂದ ದಿನ ಬರೆದಿಡು. ಮುಂದಿನ ಸಲ ಎರಡೂವರೆ ಕೆಜಿ ಏರಿಸು. ಮತ್ತೆ 8ಕ್ಕೆ ಇಳಿಯುತ್ತೀಯ, ಮತ್ತೆ 12ಕ್ಕೆ ಹತ್ತುತ್ತೀಯ. ಕೊನೆಗೆ ಬೈಸೆಪ್ಸ್‌ಗೂ ಟ್ರೈಸೆಪ್ಸ್‌ಗೂ ಎರಡೆರಡು ಸೆಟ್ ಹಾಕು, ಬೇಡ ಅನ್ನುವುದಿಲ್ಲ.

ಸೆಟ್ ಮುಗಿದಾಗ ಇನ್ನೂ ಒಂದೆರಡು ಸಲ ಮಾತ್ರ ಎತ್ತಬಹುದಿತ್ತು ಅನ್ನಿಸಬೇಕು. ಇನ್ನೂ ಹತ್ತು ಸಲ ಎತ್ತಬಲ್ಲೆ ಅನ್ನಿಸಿದರೆ ಆ ಸೆಟ್‌ನಿಂದ ಹೆಚ್ಚು ಲಾಭ ಇಲ್ಲ. ಸೆಟ್‌ಗಳ ಮಧ್ಯೆ ಎರಡು ಮೂರು ನಿಮಿಷ ಕೂರು. ಮೊಬೈಲ್ ನೋಡುತ್ತ ಕಾಲು ಗಂಟೆ ಅಲ್ಲ.

ಟ್ರೆಡ್‌ಮಿಲ್ ಹೃದಯಕ್ಕೆ ಒಳ್ಳೆಯದು. ಆದರೆ ಭಾರ ಎತ್ತುವ ಮೊದಲೇ ಅರ್ಧ ಗಂಟೆ ಓಡಿ ದಣಿಯಬೇಡ. ಐದು ನಿಮಿಷ ಮೈ ಬಿಸಿ ಮಾಡಿಕೊಂಡರೆ ಸಾಕು. ಓಡುವ ಆಸೆ ಇದ್ದರೆ ಬಿಡುವಿನ ದಿನ ಟಾಗೋರ್ ಕಡಲತೀರದಲ್ಲಿ ಓಡು.

ಮಾಸ್ ಗೇನರ್ ಡಬ್ಬಿಯ ಹಿಂದೆ ಏನಿದೆ ಅಂತ ಓದಿ ನೋಡು. ಸಾಮಾನ್ಯವಾಗಿ ಮೊದಲ ಹೆಸರು ಮಾಲ್ಟೋಡೆಕ್ಸ್ಟ್ರಿನ್. ಅದು ಪಿಷ್ಟದಿಂದ ಮಾಡಿದ ಪುಡಿ, ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಕ್ಯಾಲರಿ ನಿನಗೆ ಮನೆಯ ಅನ್ನದಲ್ಲೇ ಸಿಗುತ್ತದೆ.

ಕೋಡಿಬಾಗದ ಹುಡುಗ

ತುಂಬಾ ಥ್ಯಾಂಕ್ಸ್ ಅಣ್ಣಾ. ಊಟದ ಲೆಕ್ಕ ಹೇಗೆ ಹಾಕಬೇಕು? ಪ್ರೋಟೀನ್ ಎಷ್ಟು ಬೇಕು?

ಕುಮಟಾದ ಅಕ್ಕ

ನಾನು ಆಹಾರ ಶಾಸ್ತ್ರ ಓದಿದವಳು, ಇದಕ್ಕೆ ನಾನು ಉತ್ತರಿಸುತ್ತೇನೆ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿರುವ ಪ್ರಮಾಣ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ಅದು ಸಾಮಾನ್ಯ ಜನರಿಗೆ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಸುಮಾರು 1.6 ಗ್ರಾಂ ಬೇಕು. ನಿನ್ನ 60 ಕೆಜಿಗೆ 96 ಗ್ರಾಂ ಆಯಿತು. ಅದರ ಎರಡು ಪಟ್ಟು ತಿಂದರೆ ಎರಡು ಪಟ್ಟು ಬೆಳೆಯುತ್ತದೆ ಅನ್ನುವುದೇನೂ ಇಲ್ಲ.

ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. ತಟ್ಟೆ ತುಂಬ ಅನ್ನ, ಮೇಲೆ ಮೀನಿನ ಸಾರು, ಪಕ್ಕದಲ್ಲಿ ಒಂದು ಸಣ್ಣ ತುಂಡು. ಇಷ್ಟಕ್ಕೆ "ನಾವು ದಿನಾ ಮೀನು ತಿನ್ನುತ್ತೇವೆ" ಅನ್ನುತ್ತೇವೆ. ಆದರೆ ಪ್ರೋಟೀನ್ ಇರುವುದು ತುಂಡಿನಲ್ಲಿ, ಸಾರಿನಲ್ಲಿ ಅಲ್ಲ. ಸಾರಿನಲ್ಲಿ ಹೆಚ್ಚಾಗಿ ಇರುವುದು ತೆಂಗಿನಕಾಯಿಯ ಕೊಬ್ಬು. ಬೆಂದ ಅನ್ನ 100 ಗ್ರಾಂಗೆ ಎರಡೂವರೆ ಗ್ರಾಂ ಆಸುಪಾಸು ಪ್ರೋಟೀನ್. ಬಂಗಡೆಯೋ ತಾರ್ಲೆಯೋ (ಬೂತಾಯಿ) ಆದರೆ ಮುಳ್ಳು, ತಲೆ ಕಳೆದು 100 ಗ್ರಾಂ ಮಾಂಸದಲ್ಲಿ ಸುಮಾರು 19, 20 ಗ್ರಾಂ. ಇಸವಣವೇ (ಅಂಜಲ್) ಬೇಕು, ಪಾಂಪ್ಲೆಟ್ಟೇ ಬೇಕು ಅಂತಿಲ್ಲ. ಕಡಿಮೆ ಬೆಲೆಯ ಬಂಗಡೆ, ತಾರ್ಲೆ ಪ್ರೋಟೀನ್‌ನಲ್ಲಿ ಅವಕ್ಕೆ ಕಡಿಮೆ ಇಲ್ಲ. ಒಮೇಗಾ 3 ಕೊಬ್ಬಿನಲ್ಲಿ ಪಾಂಪ್ಲೆಟ್‌ಗಿಂತ ಮೇಲೆಯೇ.

ನಿನಗೆ ಒಂದು ದಿನದ ಊಟ ಹೇಳುತ್ತೇನೆ. ಬೆಳಿಗ್ಗೆ ದೋಸೆ ಜೊತೆ 3 ಮೊಟ್ಟೆ, 18 ಗ್ರಾಂ. ಮಧ್ಯಾಹ್ನ ಮುಳ್ಳು ಬಿಟ್ಟು 200 ಗ್ರಾಂ ಮೀನು, 38 ಗ್ರಾಂ ಮೇಲೆ. ಸಂಜೆ ಒಂದು ದೊಡ್ಡ ಲೋಟ ಹಾಲು, ಒಂದು ಹಿಡಿ ಶೇಂಗಾ, ಎರಡೂ ಸೇರಿ 20ರ ಹತ್ತಿರ. ರಾತ್ರಿ ಹೆಸರುಕಾಳೋ ಹುರುಳಿಯೋ ಒಣ ತೂಕದಲ್ಲಿ 50 ಗ್ರಾಂ, 11, 12 ಗ್ರಾಂ. ದಿನದ ಅನ್ನ, ದೋಸೆಯಿಂದ ಇನ್ನೊಂದು 15. ನಿನ್ನ ಲೆಕ್ಕ ತುಂಬಿತು. ಡಬ್ಬಿ ಬೇಕಾಗಲಿಲ್ಲ ಅಲ್ವಾ?

ಮೀನು ಎಣ್ಣೆಯಲ್ಲಿ ಮುಳುಗಿಸಿ ಹುರಿಯಬೇಡ. ಕಾವಲಿಯ ಮೇಲೆ ರವಾ ಹಚ್ಚಿ ಸ್ವಲ್ಪ ಎಣ್ಣೆಯಲ್ಲಿ ಹುರಿದರೆ ಸಾಕು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲರಿ.

ಬೈತಖೋಲ

ಅಕ್ಕ ಹೇಳಿದ್ದು ಸರಿ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಂದರು ಖಾಲಿ. ನಾಡದೋಣಿಯವರು ತರುವುದು ಸ್ವಲ್ಪ, ಬೆಲೆ ಕೇಳುವ ಹಾಗೇ ಇಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ಶ್ರಾವಣ. ತುಂಬಾ ಮನೆಗಳಲ್ಲಿ ಚೌತಿ ಮುಗಿಯುವವರೆಗೆ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ನಮ್ಮ ಹುಡುಗರು ಬೇಸಿಗೆಯಲ್ಲಿ ಕಟ್ಟಿದ ಮೈ ಮಳೆಗಾಲದಲ್ಲಿ ಕರಗಿಸಿಕೊಳ್ಳುತ್ತಾರೆ. ನನಗೆ ಬೇಸರ ತರುವ ವಿಷಯ ಇದು.

ಕುಮಟಾದ ಅಕ್ಕ

ಒಳ್ಳೆಯ ಮಾತು ಎತ್ತಿದಿರಿ ಅಣ್ಣಾ. ಮಳೆಗಾಲಕ್ಕೆ ಬೇರೆಯೇ ಯೋಜನೆ ಬೇಕು.

ಜೂನ್, ಜುಲೈನಲ್ಲಿ ಮೊಟ್ಟೆ ಜಾಸ್ತಿ ಮಾಡಿ. ಕೋಳಿ ಇದೆ. ಒಣಮೀನೂ ಆಗುತ್ತದೆ, ನೀರು ಹೋಗಿರುವುದರಿಂದ ಅದರಲ್ಲಿ ಪ್ರೋಟೀನ್ ದಟ್ಟವಾಗಿರುತ್ತದೆ. ಆದರೆ ಉಪ್ಪು ವಿಪರೀತ. ನೀರಿನಲ್ಲಿ ನೆನೆಸಿ, ನೀರು ಬದಲಿಸಿ, ತೊಳೆದು ಮಾಡಿ. ಬಿಪಿ ಇರುವವರು ದೂರ ಇರುವುದೇ ಒಳ್ಳೆಯದು. ಶ್ರಾವಣದಲ್ಲಿ ಸೋಯಾ ಚಂಕ್ಸ್, ಹಾಲು, ಮೊಸರು, ಪನೀರ್, ಕಾಳು. ಒಣ ಸೋಯಾ ಚಂಕ್ಸ್ 100 ಗ್ರಾಂಗೆ 52 ಗ್ರಾಂ ಪ್ರೋಟೀನ್. ಇಷ್ಟು ಅಗ್ಗಕ್ಕೆ ಇಷ್ಟು ಪ್ರೋಟೀನ್ ಕೊಡುವುದು ಅಂಗಡಿಯಲ್ಲಿ ಬೇರೆ ಸಿಗುವುದು ಕಷ್ಟ. ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಮೀನಿಗೆ ಹಾಕುವ ಮಸಾಲೆಯಲ್ಲೇ ಬೇಯಿಸಿ. ಮಕ್ಕಳೂ ತಿನ್ನುತ್ತಾರೆ.

ತೋಟದ ಮನೆ, ಶಿರಸಿ

ನಮ್ಮ ಮನೆಯಲ್ಲಿ ವರ್ಷವಿಡೀ ಶ್ರಾವಣವೇ. ಮೀನು, ಮೊಟ್ಟೆ ಎರಡೂ ಇಲ್ಲ. ತೂಕ 62. ಮಧ್ಯಾಹ್ನ ಅನ್ನ, ತಂಬುಳಿ, ಸಾರು, ಪಲ್ಯ, ಮಜ್ಜಿಗೆ. ಊರಿನವರೆಲ್ಲ ಸಸ್ಯಾಹಾರಿಗಳಿಗೆ ಬಾಡಿ ಬರುವುದಿಲ್ಲ ಅನ್ನುತ್ತಾರೆ. ನಿಜವಾ ಅಕ್ಕಾ?

ಕುಮಟಾದ ಅಕ್ಕ

ಸುಳ್ಳು. ಒಟ್ಟು ಪ್ರೋಟೀನ್ ಸಿಕ್ಕರೆ ಸಸ್ಯಾಹಾರಿಗೂ ಸ್ನಾಯು ಬೆಳೆಯುತ್ತದೆ. ತೊಂದರೆ ಏನು ಅಂದರೆ ತಂಬುಳಿ, ಅಪ್ಪೆಹುಳಿ ಇವೆಲ್ಲ ಹೊಟ್ಟೆಗೆ ತಂಪು, ಬಾಯಿಗೆ ರುಚಿ. ಪ್ರೋಟೀನ್ ಲೆಕ್ಕಕ್ಕೆ ಅವು ಬರುವುದಿಲ್ಲ. ಅವನ್ನು ಬಿಡಬೇಡಿ, ಪಕ್ಕದಲ್ಲಿ ಇನ್ನೊಂದು ಬಟ್ಟಲು ಸೇರಿಸಿ.

50 ಗ್ರಾಂ ಸೋಯಾ ಚಂಕ್ಸ್, 26 ಗ್ರಾಂ. ಅರ್ಧ ಲೀಟರ್ ಹಾಲು, 16. ಒಂದು ಬಟ್ಟಲು ಗಟ್ಟಿ ಮೊಸರು, 6. ಪನೀರ್ 100 ಗ್ರಾಂ, 18. ಅಲಸಂದೆ, ಹೆಸರು, ಕಡಲೆ ಯಾವುದಾದರೂ ಒಣ ತೂಕದಲ್ಲಿ 80 ಗ್ರಾಂ, 17, 18. ಇಷ್ಟಕ್ಕೇ 80 ದಾಟಿತು. ಅನ್ನ, ದೋಸೆ, ಒಂದು ಹಿಡಿ ಶೇಂಗಾ ಸೇರಿದರೆ ನೂರು. ಕಾಳನ್ನು ಮೊಳಕೆ ಬರಿಸಿ ಬೇಯಿಸಿದರೆ ಹೊಟ್ಟೆ ಉಬ್ಬರ ಕಡಿಮೆ. ಒಮ್ಮೆಲೇ ಜಾಸ್ತಿ ಮಾಡಬೇಡಿ, ಕೆಲವು ವಾರ ತಗೊಂಡು ನಿಧಾನಕ್ಕೆ ಏರಿಸಿ. ವಿಟಮಿನ್ ಬಿ12 ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ಸಸ್ಯಾಹಾರಿಗಳಲ್ಲಿ ಕಡಿಮೆ ಇರುವುದು ಸಾಮಾನ್ಯ.

ಹಳಿಯಾಳದ ಗರಡಿ

ಎಲ್ಲರೂ ಗ್ರಾಂ ಲೆಕ್ಕ ಹೇಳುತ್ತಿದ್ದೀರಿ. ನಮ್ಮ ಹಳಿಯಾಳದ ಕಡೆ ಕುಸ್ತಿ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಹಾಲು, ತುಪ್ಪ, ಬಾದಾಮಿಯ ಖುರಾಕು ತಿಂದು ಮೈ ಕಟ್ಟಿದವರು. ಕಬ್ಬಿಣ ಯಾಕೆ ಬೇಕು? ಮಣ್ಣಿನಲ್ಲಿ ಸಾಮು ಮಾಡಿದರೆ ಬರುವ ಶಕ್ತಿ ಜಿಮ್‌ನಲ್ಲಿ ಬರುವುದಿಲ್ಲ.

ಕಾಳಿ ತೀರ

ಅಣ್ಣಾ, ಗರಡಿಯ ಮೇಲೆ ನನಗೆ ತುಂಬಾ ಗೌರವ. ಪೈಲ್ವಾನರ ಕುತ್ತಿಗೆ, ಬೆನ್ನು, ತೊಡೆ ನೋಡಿದರೆ ಗೊತ್ತಾಗುತ್ತದೆ. ಆದರೆ ಆ ಮೈ ಬಂದಿದ್ದು ಬಸ್ಕಿಯಿಂದ ಮಾತ್ರ ಅಲ್ಲ. ಎದುರಾಳಿಯನ್ನು ಎತ್ತುವುದು, ಎಳೆಯುವುದು, ಅವನ ಭಾರದ ಕೆಳಗಿಂದ ಏಳುವುದು, ಇದೆಲ್ಲ ಭಾರವೇ. ಒಬ್ಬನೇ ಮನೆಯಲ್ಲಿ 500 ಬಸ್ಕಿ ಹೊಡೆದರೆ ದಮ್ಮು ಬರುತ್ತದೆ, ತೊಡೆ ಒಂದು ಹಂತಕ್ಕೆ ನಿಲ್ಲುತ್ತದೆ. ಒಂದು ಸೆಟ್‌ನಲ್ಲಿ 30ಕ್ಕಿಂತ ಜಾಸ್ತಿ ಸುಲಭವಾಗಿ ಬರುತ್ತಿದೆ ಅಂದರೆ ಸ್ನಾಯು ಬೆಳೆಸಲು ಭಾರ ಸಾಲದು ಅಂತಲೇ ಅರ್ಥ.

ಗರಡಿ, ಕಬ್ಬಿಣ ಎರಡಕ್ಕೂ ಜಗಳ ಇಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ 1930ರ ದಶಕದಲ್ಲೇ ಸೂರ್ಯನಮಸ್ಕಾರ, ಬಾರ್ಬೆಲ್ ಎರಡನ್ನೂ ಕೂಡಿಸಿ ಕಲಿಸುತ್ತಿದ್ದರು. ನಾವು ಈಗ ಹೊಸದಾಗಿ ವಾದ ಮಾಡಬೇಕಾಗಿಲ್ಲ.

ಖುರಾಕಿನ ಬಗ್ಗೆ ಒಂದು ಮಾತು. ದಿನವಿಡೀ ಸಾಮು ಮಾಡುವ ಪೈಲ್ವಾನನಿಗೆ ಆ ತುಪ್ಪ, ಬಾದಾಮಿ ಸರಿ. ಆಫೀಸಿನಲ್ಲಿ ಕೂತು ಸಂಜೆ ಒಂದು ಗಂಟೆ ಜಿಮ್‌ಗೆ ಹೋಗುವವನು ಅಷ್ಟು ತಿಂದರೆ ಹೊಟ್ಟೆಯೇ ಬರುತ್ತದೆ.

ಬೈತಖೋಲ

ನನ್ನ ಪ್ರಶ್ನೆಗೂ ಉತ್ತರ ಕೊಡಿ. ಹಿಂದೆ ರಂಪಣಿ ಬಲೆ ಎಳೆಯುತ್ತಿದ್ದ ಹಿರಿಯರ ಬೆನ್ನು, ಮುಂಗೈ ಹುರಿಗಟ್ಟಿರುತ್ತಿತ್ತು. ಅವರು ಯಾವ ಜಿಮ್‌ಗೂ ಹೋಗಲಿಲ್ಲ. ಈಗ ಅದೇ ಕೆಲಸಕ್ಕೆ ಬರುವ ಹುಡುಗರು ಯಾಕೆ ಹಾಗಿಲ್ಲ?

ಕಾಳಿ ತೀರ

ರಂಪಣಿ ಅಂದರೆ ದಡದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ. ಒದ್ದೆ ಹಗ್ಗ, ಮರಳಿನಲ್ಲಿ ಹೂತ ಕಾಲು, ಮೈಯ ಪೂರ್ತಿ ಬಲ. ಅದು ಭಾರದ ರೋಯಿಂಗೇ. ಟ್ರಾಲರ್, ಪರ್ಸೀನ್ ದೋಣಿ ಬಂದ ಮೇಲೆ ರಂಪಣಿ ಕಡಿಮೆಯಾಯಿತು, ಎಳೆಯುವ ಕೆಲಸ ಬಹುಪಾಲು ಯಂತ್ರಕ್ಕೆ ಹೋಯಿತು. ಇನ್ನೊಂದು ಕಾರಣ ಊಟ. ಆ ಹಿರಿಯರ ಮೈಮೇಲೆ ಕೊಬ್ಬು ತೀರಾ ಕಡಿಮೆ. ಇರುವ ಸ್ನಾಯು ಎದ್ದು ಕಾಣುತ್ತಿತ್ತು. ಶಿರಸಿ ಕಡೆ ಕೊನೆಗಾರರನ್ನು ನೋಡಿ. ತೂಕ ಜಾಸ್ತಿ ಇಲ್ಲ. ಆದರೆ ದಿನಾ ತಮ್ಮ ಮೈಯನ್ನೇ ಅಡಿಕೆ ಮರಕ್ಕೆ ಏರಿಸುತ್ತಾರೆ. ಮುಂಗೈ, ಹೊಟ್ಟೆ ಎಲ್ಲಾ ಗೆರೆ ಗೆರೆ.

ಶಿಫ್ಟ್ ಕೆಲಸ, ಕೈಗಾ ರಸ್ತೆ

ನೈಟ್ ಶಿಫ್ಟ್ ಇರುವವರು ಏನು ಮಾಡಬೇಕು? ನಿದ್ದೆ ಸರಿ ಆಗುವುದಿಲ್ಲ.

ಕಾಳಿ ತೀರ

ಶಿಫ್ಟ್ ಮುಗಿಸಿ ನೇರ ಜಿಮ್‌ಗೆ ಹೋಗಬೇಡಿ. ಮೊದಲು ಮಲಗಿ. ಕಿಟಕಿಗೆ ದಪ್ಪ ಪರದೆ ಹಾಕಿ, ಏಳು ಗಂಟೆಯಾದರೂ ನಿದ್ದೆ ಆಗಲಿ. ಎದ್ದು, ತಿಂದು, ಆಮೇಲೆ ಭಾರ ಎತ್ತಿ. ನಿದ್ದೆ ಇಲ್ಲದೆ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಜಾಸ್ತಿ ಹೋಗುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಹೇಳಿಬಿಡುತ್ತೇನೆ. ವಾರದ ಕೊನೆಗೆ ಮಾಜಾಳಿ ದಾಟಿ ಗೋವಾಕ್ಕೆ ಕುಡಿಯಲು ಹೋಗುವ ಹುಡುಗರಿದ್ದಾರೆ. ಮದ್ಯ ಒಂದು ಗ್ರಾಂಗೆ 7 ಕ್ಯಾಲರಿ. ಜೊತೆಗೆ ಅವತ್ತಿನ ನಿದ್ದೆ ಹಾಳು, ಸ್ನಾಯು ಕಟ್ಟುವ ಕೆಲಸವೂ ನಿಧಾನ. ಐದು ದಿನ ಕಷ್ಟಪಟ್ಟವನು ಎರಡು ರಾತ್ರಿಯಲ್ಲಿ ಅದನ್ನು ಕಳೆದುಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಂಕೋಲೆಯ ತಂಗಿ

ನನಗೂ ಭಾರ ಎತ್ತುವ ಆಸೆ. ಮನೆಯಲ್ಲಿ "ಗಂಡಸರ ಹಾಗೆ ಆಗುತ್ತೀಯ" ಅನ್ನುತ್ತಾರೆ. ಹತ್ತಿರದಲ್ಲಿ ಜಿಮ್ ಕೂಡ ಇಲ್ಲ.

ಕುಮಟಾದ ಅಕ್ಕ

ಆಗುವುದಿಲ್ಲ ತಂಗಿ, ಧೈರ್ಯವಾಗಿ ಎತ್ತು. ಗಂಡಸರಲ್ಲಿ ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟಿರಾನ್ ಹೆಂಗಸರಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅಷ್ಟಿದ್ದೂ ಅವರಿಗೇ ಮೈ ಬರಲು ವರ್ಷಗಳು ಬೇಕು. ನಿನಗೆ ಬರುವುದು ಗಟ್ಟಿ ತೋಳು, ನೆಟ್ಟಗಿನ ಬೆನ್ನು, ಮುಂದೆ ವಯಸ್ಸಾದಾಗ ಬೇಗ ಸವೆಯದ ಮೂಳೆ. ಅಮ್ಮನಿಗೆ ಈ ಮೂಳೆಯ ವಿಷಯ ಹೇಳು, ಒಪ್ಪುತ್ತಾರೆ.

ಜಿಮ್ ಇಲ್ಲದಿದ್ದರೂ ಶುರು ಮಾಡಬಹುದು. ಶಾಲೆಯ ಬ್ಯಾಗ್‌ಗೆ ಮರಳು ತುಂಬಿದ ಚೀಲ ಹಾಕಿ ಬಸ್ಕಿ ಹೊಡೆ. ಅದೇ ಬ್ಯಾಗ್ ಹಿಡಿದು ಬಗ್ಗಿ ರೋ ಮಾಡು. ದಂಡ ನೆಲದ ಮೇಲೆ ಬರದಿದ್ದರೆ ಮೆಟ್ಟಿಲಿನ ಮೇಲೆ ಕೈ ಇಟ್ಟು ಶುರು ಮಾಡು, ಒಂದೊಂದೇ ಮೆಟ್ಟಿಲು ಕೆಳಗೆ ಬಾ. ಸುಲಭ ಆದಾಗ ಮರಳು ಹೆಚ್ಚಿಸು. ಹಿಮೋಗ್ಲೋಬಿನ್ ಒಮ್ಮೆ ನೋಡಿಸು, ಕಡಿಮೆ ಇದ್ದರೆ ಎಷ್ಟು ತಿಂದರೂ ಸುಸ್ತು ಹೋಗುವುದಿಲ್ಲ.

ತೋಟದ ಮನೆ, ಶಿರಸಿ

ಕ್ರಿಯೇಟಿನ್ ಬಗ್ಗೆ ಹೇಳಿ. ಕಿಡ್ನಿ ಹೋಗುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ. ಇಂಜೆಕ್ಷನ್ ಬಗ್ಗೆಯೂ ಒಬ್ಬ ಗೆಳೆಯ ಹೇಳಿದ. ಮೂರು ತಿಂಗಳಲ್ಲಿ ಮೈ ಬರುತ್ತದೆ ಅಂತೆ.

ಕಾಳಿ ತೀರ

ಇವೆರಡನ್ನು ಒಂದೇ ಸಾಲಿನಲ್ಲಿ ಇಡಬೇಡ ತಮ್ಮಾ. ಭೂಮಿ ಆಕಾಶದ ವ್ಯತ್ಯಾಸ.

ಕ್ರಿಯೇಟಿನ್ ಅಂದರೆ ಭಾರ ಎತ್ತುವಾಗ ಸ್ನಾಯುವಿಗೆ ಬೇಗ ಶಕ್ತಿ ಒದಗಿಸುವ ವಸ್ತು. ಅದು ನಮ್ಮ ಮೈಯಲ್ಲೇ ತಯಾರಾಗುತ್ತದೆ, ಮೀನು ಮಾಂಸದಲ್ಲೂ ಇರುತ್ತದೆ. ಅದಕ್ಕೇ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಕಡಿಮೆ, ಪುಡಿ ತಗೊಂಡರೆ ನಿಮಗೆ ಲಾಭ ಚೆನ್ನಾಗಿ ಗೊತ್ತಾಗುತ್ತದೆ. ಸಾದಾ ಕ್ರಿಯೇಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ. ಸ್ನಾಯುವಿನೊಳಗೆ ನೀರು ಹಿಡಿಯುವುದರಿಂದ ಮೊದಲು ಒಂದೆರಡು ಕೆಜಿ ಏರಬಹುದು, ಅದು ಕೊಬ್ಬಲ್ಲ. ಆರೋಗ್ಯವಂತರ ಕಿಡ್ನಿಗೆ ಈ ಪ್ರಮಾಣದಿಂದ ಹಾನಿ ಕಂಡುಬಂದಿಲ್ಲ. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತ ಪರೀಕ್ಷೆಯಲ್ಲಿ ನೋಡುವ ಕ್ರಿಯೇಟಿನಿನ್ ಸ್ವಲ್ಪ ಏರಿ ಕಾಣಬಹುದು, ಹಾಗಾಗಿ ಡಾಕ್ಟರಿಗೆ ಮೊದಲೇ ಹೇಳು. ಕಿಡ್ನಿ ತೊಂದರೆ ಈಗಾಗಲೇ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ ಇದೆಯಾ ನೋಡಿ ತಗೋ.

ಇಂಜೆಕ್ಷನ್ ಬೇಡವೇ ಬೇಡ. ಹೊರಗಿನಿಂದ ಟೆಸ್ಟೋಸ್ಟಿರಾನ್ ಬಂದರೆ ಮೆದುಳು "ಸಾಕಷ್ಟಿದೆ" ಅಂದುಕೊಂಡು ವೃಷಣಗಳಿಗೆ ಸೂಚನೆ ಕಳಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಸಣ್ಣ ಆಗುತ್ತದೆ, ವೀರ್ಯಾಣು ಕುಸಿಯುತ್ತದೆ. ಎದೆ ಊದಬಹುದು, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಹೃದಯದ ಗೋಡೆ ದಪ್ಪ ಆಗಬಹುದು. ಇದನ್ನೆಲ್ಲ ಕೊಡುವವರು ಹೇಳುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬ ಹುಡುಗನಿಗೆ ಬೇರೆ ಊರಿನ ಒಂದು ಜಿಮ್‌ನಲ್ಲಿ ಇದು "ವಿಟಮಿನ್" ಅಂತ ಹೇಳಿ ಚುಚ್ಚಿದ್ದರು. ಮದುವೆಯಾಗಿ ಮಕ್ಕಳಾಗದೆ ಪರೀಕ್ಷೆಗೆ ಹೋದಾಗ ವಿಷಯ ತಿಳಿಯಿತು. ಆ ಮನೆಯವರ ನೋವು ನಾನು ಕಂಡಿದ್ದೇನೆ. ನಿನ್ನ ಗೆಳೆಯನಿಗೂ ಇದನ್ನು ಓದಿ ಹೇಳು.

ಹಳಿಯಾಳದ ಗರಡಿ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕುಸ್ತಿಯ ಹುಡುಗರಿಗೂ ಇದನ್ನು ಹೇಳಬೇಕು.

ಕೋಡಿಬಾಗದ ಹುಡುಗ

ಕೊನೆಯದಾಗಿ ಎರಡು ಪ್ರಶ್ನೆ. ತೂಕ ಎಷ್ಟು ವೇಗದಲ್ಲಿ ಏರಬೇಕು? ಸಿಕ್ಸ್ ಪ್ಯಾಕ್ ಯಾವಾಗ ಕಾಣುತ್ತದೆ?

ಕಾಳಿ ತೀರ

ತಿಂಗಳಿಗೆ ಅರ್ಧದಿಂದ ಒಂದು ಕೆಜಿ ಏರಿದರೆ ಚೆನ್ನ. ಅದಕ್ಕಿಂತ ಜಾಸ್ತಿ ಏರಿದರೆ ಬಹುಪಾಲು ಕೊಬ್ಬು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ, ವಾರದ ಸರಾಸರಿ ನೋಡು. ಒಂದು ದಿನದ ಅಂಕಿಗೆ ಹೆದರಬೇಡ, ಹಿಂದಿನ ರಾತ್ರಿಯ ಉಪ್ಪುಮೀನಿಗೇ ಅದು ಏರಿರುತ್ತದೆ. ಟೇಪಿನಲ್ಲಿ ತೋಳು, ಎದೆ, ಸೊಂಟ ಅಳೆದು ಬರೆದಿಡು. ತೋಳು ಏರುತ್ತಿದೆ, ಸೊಂಟ ಅಲ್ಲೇ ಇದೆ ಅಂದರೆ ಸರಿ ದಾರಿ.

ಸಿಕ್ಸ್ ಪ್ಯಾಕ್ ಗಂಡಸರಲ್ಲಿ ಸಾಮಾನ್ಯವಾಗಿ ಮೈಕೊಬ್ಬು 10, 12 ಶೇಕಡಾಕ್ಕೆ ಇಳಿದಾಗ ಕಾಣುತ್ತದೆ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದು ನಿಜವಲ್ಲ. ನೀನು 68, 70 ಕೆಜಿ ಮುಟ್ಟು. ಆಮೇಲೆ ದಿನಕ್ಕೆ 300ರಿಂದ 500 ಕ್ಯಾಲರಿ ಕಡಿಮೆ ಮಾಡಿ ನಿಧಾನಕ್ಕೆ ಇಳಿಸೋಣ. ಆಗಲೂ ಭಾರ ಎತ್ತುವುದು, ಪ್ರೋಟೀನ್ ತಿನ್ನುವುದು ನಿಲ್ಲಿಸುವ ಹಾಗಿಲ್ಲ. ಮೊಬೈಲ್‌ನಲ್ಲಿ ಕಾಣುವ ಫೋಟೋಗಳ ಜೊತೆ ಹೋಲಿಸಿಕೊಳ್ಳಬೇಡ. ಅವು ಹೆಚ್ಚಾಗಿ ಭಾರ ಎತ್ತಿ ಸ್ನಾಯು ಊದಿರುವಾಗ, ಬದಿಯಿಂದ ಬೆಳಕು ಬಿಟ್ಟು ತೆಗೆದವು. ಕೆಲವರು ನೀರನ್ನೂ ಬಿಟ್ಟಿರುತ್ತಾರೆ, ಅದು ಅಪಾಯ. ಅದೇ ಮನುಷ್ಯ ಮಾರನೇ ದಿನ ಹಾಗೆ ಕಾಣುವುದಿಲ್ಲ.

ಕೋಡಿಬಾಗದ ಹುಡುಗ

ಸೋಮವಾರದಿಂದಲೇ ಶುರು ಮಾಡುತ್ತೇನೆ ಅಣ್ಣಾ. ಸ್ಕ್ವಾಟ್ ಎಷ್ಟು ಭಾರದಿಂದ ಶುರು ಮಾಡಲಿ?

ಕಾಳಿ ತೀರ

ಖಾಲಿ ಬಾರ್. ಉದ್ದದ್ದಾದರೆ ಅದೇ 20 ಕೆಜಿ ಇರುತ್ತದೆ. ಪಕ್ಕದಿಂದ, ಸೊಂಟದ ಎತ್ತರಕ್ಕೆ ಮೊಬೈಲ್ ಇಟ್ಟು ಒಂದು ಸೆಟ್ ವಿಡಿಯೊ ಮಾಡಿ ಇಲ್ಲೇ ಹಾಕು. ಹಿಮ್ಮಡಿ ಏಳುತ್ತಿದೆಯಾ, ಬೆನ್ನು ಬಾಗುತ್ತಿದೆಯಾ ನೋಡಿ ಹೇಳುತ್ತೇನೆ. ಅದಾದ ಮೇಲೆ ಪ್ಲೇಟು ಹಾಕು.